ಕಿಟಕಿ ಪೆಟ್ಟಿಗೆಯಲ್ಲಿ ಮೂರನೇ ಸಲವೂ ಗಿಡ ಸುಟ್ಟುಹೋಯಿತು, ಏನು ಹಾಕಲಿ?

ಕಿಟಕಿತೋಟ: ಸಾಕಾಗಿಹೋಗಿದೆ. ಬೆಂಗಳೂರು, ಮೂರನೇ ಮಹಡಿ, ಗ್ರಿಲ್‌ಗೆ ಕಟ್ಟಿದ ಪೆಟ್ಟಿಗೆ. ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಆಸೆಯಾಗಿ ಪೆಟೂನಿಯಾ ತಂದೆ. ಎರಡು ತಿಂಗಳು ಮೈತುಂಬಾ ಹೂ. ಮಾರ್ಚ್‌ನಲ್ಲಿ ಒಣಗಿತು. ಮತ್ತೆ ತಂದೆ, ಹದಿನೈದು ದಿನಕ್ಕೆ ಅದೂ ಹೋಯಿತು. ಈಗ ಜೆರೇನಿಯಂ. ಎಲೆಯ ಅಂಚು ಕಂದು ತಿರುಗಿ, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಪ್ರತಿ ಸಲವೂ ಬಲಗಡೆಯ ಗಿಡದಿಂದಲೇ ಶುರು. ದಿನಾ ನೀರು ಹಾಕುತ್ತೇನೆ. ಸಾಯದ ಗಿಡ ಯಾವುದಾದರೂ ಇದ್ದರೆ ಹೇಳಿ.

ತಾರಸಿತಿಮ್ಮ: ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತಾನೇ ತುಂಬಿದ್ದು? ತೊಳೆಯದ ಬ್ಲಾಕ್‌ನಲ್ಲಿ ಉಪ್ಪು ಇರುತ್ತದೆ, ಎಲೆಯ ಅಂಚು ಸುಡುವುದು ಅದಕ್ಕೇ. ಬಕೆಟ್‌ನಲ್ಲಿ ನೆನೆಸಿ, ಹಿಂಡಿ, ಮೂರು ಸಲ ನೀರು ಬದಲಾಯಿಸಬೇಕು.

ಕಿಟಕಿತೋಟ: ತೊಳೆದೇ ಹಾಕಿದ್ದು.

ತಾರಸಿತಿಮ್ಮ: ಎಷ್ಟು ಸಲ?

ಕೆಂಪುಮಣ್ಣು: ಕೋಕೋಪೀಟ್ ಸುಮ್ನೆ ದುಡ್ಡು ದಂಡ. ಕೆಂಪು ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ, ಇಷ್ಟೇ. ನಮ್ಮಜ್ಜಿ ಡಾಲ್ಡಾ ಡಬ್ಬದಲ್ಲಿ ಸೇವಂತಿಗೆ ಬೆಳೆಯುತ್ತಿದ್ದರು.

ತಾರಸಿತಿಮ್ಮ: ನಿಮ್ಮಜ್ಜಿಯ ಡಬ್ಬ ನೆಲದ ಮೇಲಿತ್ತು. ಒದ್ದೆ ಕೆಂಪು ಮಣ್ಣಿನ ತೂಕ ಗೊತ್ತಾ? ಗ್ರಿಲ್ ಕಿತ್ತುಬಂದರೆ ಕೆಳಗೆ ಹೋಗುವವರ ಗತಿ?

ಕೆಂಪುಮಣ್ಣು: ನನ್ನ ಹತ್ತಿರ ಹದಿನಾಲ್ಕು ಪೆಟ್ಟಿಗೆ ಇವೆ. ಎಲ್ಲಕ್ಕೂ ಡ್ರಿಪ್, ಟೈಮರ್. ಒಂದೂ ಬಿದ್ದಿಲ್ಲ.

ಹಸಿರುಬಾಲ್ಕನಿ: ಪೆಟೂನಿಯಾ ನಮ್ಮಲ್ಲಿ ಚಳಿಗಾಲದ ಹೂ, ಬೇಸಿಗೆಗೆ ಸೊರಗುವುದು ಹೊಸದೇನಲ್ಲ. ಜೆರೇನಿಯಂಗೆ ಮೇಲಿನ ಮಣ್ಣು ಒಣಗಿದ ಮೇಲೆ ನೀರು ಸಾಕು. ಕಿಟಕಿ ಯಾವ ದಿಕ್ಕಿಗಿದೆ? ಒಂದು ಫೋಟೋ ಹಾಕಿ.

ಕಿಟಕಿತೋಟ: ಪಶ್ಚಿಮ. ಹೇಳಿರಲಿಲ್ವಾ? ಫೋಟೋ ಹಾಕಿದ್ದೇನೆ.

ಹಸಿರುಬಾಲ್ಕನಿ: ಬಲಗಡೆ ಒಂದು ಬಿಳಿ ಡಬ್ಬ ಕಾಣುತ್ತಿದೆ. ಎಸಿ ಔಟ್‌ಡೋರ್ ಯೂನಿಟ್ ಅಲ್ವಾ ಅದು?

ಕಿಟಕಿತೋಟ: ಪಕ್ಕದ ಮನೆಯವರದು, ಮಾರ್ಚ್‌ನಲ್ಲಿ ಹಾಕಿಸಿದರು. ಅದಕ್ಕೂ ಗಿಡಕ್ಕೂ ಏನು ಸಂಬಂಧ?

ಹಸಿರುಬಾಲ್ಕನಿ: ಎಸಿ ಓಡುವಾಗ ಗಿಡದ ಹತ್ತಿರ ಕೈ ಹಿಡಿದು ನೋಡಿ. ರೂಮಿನ ಸೆಕೆಯೆಲ್ಲ ಅಲ್ಲಿಂದ ಹೊರಗೆ ಬರುತ್ತದೆ. ಬೇರು ನೀರು ಎಳೆಯುವುದಕ್ಕಿಂತ ಬೇಗ ಎಲೆ ಒಣಗುತ್ತದೆ. ನೀವು ಜಾಸ್ತಿ ನೀರು ಹಾಕಿದರೆ ಬೇರೂ ಕೊಳೆಯುತ್ತದೆ. ಪೆಟ್ಟಿಗೆ ಎಡಕ್ಕೆ ಸರಿಸಿ. ಪಶ್ಚಿಮದ ಬಿಸಿಲಿಗೆ ನಿತ್ಯಪುಷ್ಪ ಹಾಕಿ, ತುದಿಗೆ ಯುಫೋರ್ಬಿಯಾ, ಮಧ್ಯೆ ದೊಡ್ಡಪತ್ರೆ. ಟೇಬಲ್ ರೋಸ್ ಅಂತ ಎಲ್ಲರೂ ಹೇಳುತ್ತಾರೆ, ಬದುಕುತ್ತದೆ ನಿಜ, ಆದರೆ ಬೆಳಗಿನ ಬಿಸಿಲು ಇಲ್ಲದ ಕಡೆ ಹೂ ಕಮ್ಮಿ.

ಕೆಂಪುಮಣ್ಣು: ನಿತ್ಯಪುಷ್ಪಕ್ಕೆ ಯಾಕೆ ದುಡ್ಡು? ನಮ್ಮ ಬೀದಿಯಲ್ಲಿ ಕಾಂಪೌಂಡ್ ಬಿರುಕಿನಲ್ಲೇ ಹುಟ್ಟುತ್ತದೆ.

ಕಿಟಕಿತೋಟ: ರಾತ್ರಿ ಹತ್ತಕ್ಕೆ ಕೈ ಹಿಡಿದು ನೋಡಿದೆ. ಹೇರ್ ಡ್ರೈಯರ್ ಇದ್ದ ಹಾಗಿದೆ! ಪೆಟ್ಟಿಗೆ ಸರಿಸಿ ವಾರವಾಯಿತು, ಜೆರೇನಿಯಂನಲ್ಲಿ ಎರಡು ಚಿಗುರು ಬಂದಿದೆ.

ತಾರಸಿತಿಮ್ಮ: ಒಳ್ಳೆಯದು. ಆದರೆ ಎಷ್ಟು ಸಲ ತೊಳೆದಿರಿ ಅಂತ ಇನ್ನೂ ಹೇಳಲೇ ಇಲ್ಲ.