ಎರಡು ಎಕರೆ ಅಡಿಕೆ ತೋಟದ ಬೇಲಿಗೆ ಯಾವ ತಂತಿ? ಹಾಕಿದವರು ಅನುಭವ ಹೇಳಿ

ಹೊಸನಗರ ತೋಟ:
ಎಲ್ಲರಿಗೂ ನಮಸ್ಕಾರ. ಎರಡು ಎಕರೆ ಹೊಸ ಅಡಿಕೆ ತೋಟ, ಸಸಿಗೆ ಮೂರನೇ ವರ್ಷ. ಸುತ್ತಳತೆ 1,400 ಅಡಿ. ರಾತ್ರಿ ಹಂದಿ, ಹಗಲು ಬಿಡಾಡಿ ದನ. ಒಂದು ಮೂಲೆಯಲ್ಲಿ ಹಳ್ಳ ಹಾಯುತ್ತದೆ, ಜುಲೈಯಲ್ಲಿ ನೀರು ಸೊಂಟಕ್ಕೆ ಬರುತ್ತದೆ. ಕೈಯಲ್ಲಿರುವುದು ಒಂದೂವರೆ ಲಕ್ಷ. ಮುಳ್ಳುತಂತಿ, ಚೈನ್‌ಲಿಂಕ್ ಜಾಲರಿ, ಸೋಲಾರ್ ಕರೆಂಟು ಬೇಲಿ ಮೂರಕ್ಕೂ ಕೊಟೇಶನ್ ತಂದಿದ್ದೇನೆ. ಯಾವ ತಂತಿ, ಎಷ್ಟು ದಪ್ಪ (ಗೇಜ್)? ಹಳ್ಳದ ಜಾಗಕ್ಕೆ ಏನು ಮಾಡಬೇಕು ಅಂತಲೂ ಹೇಳಿ.

ಕುಮಟಾ ತೆಂಗು:
ಚೈನ್‌ಲಿಂಕಿಗೆ ದುಡ್ಡು ಕೊಡುವ ಮೊದಲು ನನ್ನ ಕಥೆ ಕೇಳಿ ಮಾರಾಯ್ರೇ. 2019ರಲ್ಲಿ 900 ಅಡಿಗೆ 5 ಅಡಿ ಎತ್ತರದ ಜಾಲರಿ ಹಾಕಿಸಿದೆ. 10 ಗೇಜ್, 2 ಇಂಚಿನ ಕಣ್ಣು. ಚದರ ಅಡಿಗೆ 24 ರೂಪಾಯಿ, ಜಾಲರಿಗೇ 1,08,000. ಕಬ್ಬಿಣದ ಆ್ಯಂಗಲ್, ಸಿಮೆಂಟು, ಕೂಲಿ ಸೇರಿ ಇನ್ನೂ 71,000. ಹಾಕಿದ ದಿನ ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಆ ಹೊಳಪನ್ನು ನೋಡಿಯೇ ನಾನು ಮೋಸ ಹೋದದ್ದು. ತುಕ್ಕು ತಡೆಯಲು ದಪ್ಪ ಸತುವಿನಲ್ಲಿ ಅದ್ದಿ ತೆಗೆದ ತಂತಿ ಅಷ್ಟು ಮಿಂಚುವುದಿಲ್ಲ, ಸ್ವಲ್ಪ ಬೂದಿ ಬಣ್ಣಕ್ಕೆ ಇರುತ್ತದೆ. ನನ್ನದಕ್ಕೆ ಕರೆಂಟಿನಲ್ಲಿ ತೆಳುವಾಗಿ ಸತು ಹಚ್ಚಿದ್ದರು ಅಷ್ಟೇ.

ಎರಡನೇ ಮಳೆಗಾಲಕ್ಕೆ ತಳದಲ್ಲಿ ಕಂದು ಚುಕ್ಕೆ ಬಂತು. ಮೂರನೇ ಮಳೆಗಾಲ ಮುಗಿದ ಮೇಲೆ ಬಗ್ಗಿ ತಳದ ಸಾಲನ್ನು ಹಿಡಿದೆ. ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು, ಬೆರಳಿಗೆಲ್ಲ ಕೆಂಪು ಪುಡಿ. ಮೇಲಿನ ನಾಲ್ಕು ಅಡಿ ಚೆನ್ನಾಗೇ ಇದೆ. ಕೆಳಗಿನ ಒಂದು ಅಡಿ ಇಲ್ಲ. ಹಂದಿಗೆ ಬೇಕಾದದ್ದು ಆ ಒಂದು ಅಡಿಯೇ ಅಲ್ವಾ? ಒಂದೇ ರಾತ್ರಿಯಲ್ಲಿ 22 ತೆಂಗಿನ ಸಸಿ ಹೋಯಿತು.

ಒಂದು ಬದಿಗೆ ಹಸಿರು ಪ್ಲಾಸ್ಟಿಕ್ ಹೊದಿಸಿದ ಜಾಲರಿಯನ್ನೂ ಹಾಕಿ ನೋಡಿದ್ದೆ. ಕತ್ತರಿಸಿದ ತುದಿಯಿಂದ ನೀರು ಒಳಗೆ ಹೋಗಿ, ಹೊರಗೆ ಹಸಿರು, ಒಳಗೆ ಬರೀ ತುಕ್ಕು. 2023ರಲ್ಲಿ ಎಲ್ಲ ಕಿತ್ತು ದಪ್ಪ ಲೇಪದ್ದು ಹಾಕಿದೆ. ಚದರ ಅಡಿಗೆ 31 ರೂಪಾಯಿ, 1,39,500. ಹಳೆಯದನ್ನು ಗುಜರಿಯವನು ಕಿಲೋಗೆ 22ಕ್ಕೆ ತಗೊಂಡ. ಗೇಜ್ ಕೇಳುವುದಕ್ಕಿಂತ ಮೊದಲು ಸತು ಎಷ್ಟು ಗ್ರಾಂ ಅಂತ ಕೇಳಿ. ಚದರ ಮೀಟರಿಗೆ 200 ದಾಟಬೇಕು. ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಾನು ಬರೆಸಿಕೊಳ್ಳಲಿಲ್ಲ, ಅಂಗಡಿಯವನು ಕೈ ಎತ್ತಿದ.

ತಿಪಟೂರು ಕಲ್ಪತರು:
ಸತು, ಗ್ರಾಂ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ತಂದೆ 1998ರಲ್ಲಿ ಹಾಕಿಸಿದ ಮುಳ್ಳುತಂತಿ ಬೇಲಿ ಇವತ್ತಿಗೂ ನಿಂತಿದೆ. 12ಕ್ಕೆ 12 ಗೇಜ್ (ಮೊದಲನೆಯದು ಎಳೆಯ ಗೇಜ್, ಎರಡನೆಯದು ಮುಳ್ಳಿನದ್ದು), ಐದು ಸಾಲು, ಮೂಲೆಯಿಂದ ಮೂಲೆಗೆ ಕತ್ತರಿ ಕಟ್ಟು. 10 ಅಡಿಗೆ ಒಂದು ಕಲ್ಲುಕಂಬ, ಎರಡು ಅಡಿ ಗುಣಿ. ಕಂಬ ನೆಡುವಾಗ ಪ್ರತಿಯೊಂದಕ್ಕೂ ಅಪ್ಪ ತೂಕದ ಗುಂಡು ಹಿಡಿದು ನೋಡುತ್ತಿದ್ದರು. ನಾನು ಆಗ ಹೈಸ್ಕೂಲು, ಇಕ್ಕಳ ಹಿಡಿದು ಹಿಂದೆ ಹಿಂದೆ ಓಡಾಡಿದ್ದೇನೆ. 26 ವರ್ಷದಲ್ಲಿ ಒಂದೇ ಸಲ ರಿಪೇರಿ. 2011ರಲ್ಲಿ ಕಾಯಿ ತುಂಬಲು ಬಂದ ಲಾರಿ ಮೂಲೆ ಕಂಬಕ್ಕೆ ಹಿಂದಿನಿಂದ ಗುದ್ದಿತು. ಅದಕ್ಕೆ 1,850 ರೂಪಾಯಿ ಖರ್ಚು. ಕಲ್ಲುಕಂಬ, ಮುಳ್ಳುತಂತಿ, ಮುಗಿಯಿತು. ಬೇರೆ ಯಾವುದೂ ಬೇಡ.

ಕುಮಟಾ ತೆಂಗು:
ನಿಮ್ಮ ಊರಿನಲ್ಲಿ ವರ್ಷವಿಡೀ ಬೀಳುವ ಮಳೆಗಿಂತ ಜಾಸ್ತಿ ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ ಸ್ವಾಮಿ. ಮೇಲಿಂದ ಉಪ್ಪುಗಾಳಿ. ಒಣ ಊರಿನಲ್ಲಿ ಕೂತು ಸತು ಬೇಡ ಅನ್ನುವುದು ಸುಲಭ. ಕೇಳಿದವರು ಹೊಸನಗರದವರು, ಅಲ್ಲಿಯೂ ಮಳೆ ಕಡಿಮೆಯಲ್ಲ.

ತಿಪಟೂರು ಕಲ್ಪತರು:
ನಾನು ಸತು ಬೇಡ ಅಂದಿಲ್ಲ. ಆಗಿನ ತಂತಿಯಲ್ಲಿ ಕೇಳದೇ ಇರುತ್ತಿತ್ತು ಅಂದೆ. ಓದಿ ಉತ್ತರ ಕೊಡಿ.

ಕುಮಟಾ ತೆಂಗು:
ನೀವು ಹಾಗೆ ಅಂದೇ ಇಲ್ಲ. ಮೇಲೆ ಇದೆ, ನೀವೇ ಓದಿ.

ಶಿಕಾರಿಪುರ ಶುಂಠಿ:
ಗೇಜ್ ವಿಷಯದಲ್ಲಿ ನನಗೆ ಆದದ್ದು ಹೇಳುತ್ತೇನೆ. 12ಕ್ಕೆ 14 ಮುಳ್ಳುತಂತಿ 240 ಕಿಲೋ ತಂದೆ, ಕಿಲೋಗೆ 96 ರೂಪಾಯಿ, 23,040. ಕಿಲೋಗೆ ಎಂಟು ಮೀಟರ್ ಚಿಲ್ಲರೆ ಬರಬೇಕು, ಸುಮಾರು 2,000 ಮೀಟರ್ ಅಂತ ಲೆಕ್ಕ ಹಾಕಿದ್ದೆ. ಬೇಲಿ ಪೂರ್ತಿ ಎಳೆದ ಮೇಲೆ ಆರು ನೂರು ಮೀಟರಿಗಿಂತ ಜಾಸ್ತಿ ಉಳಿಯಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ನನ್ನ ಭಾವ ಸೈಟಿನಲ್ಲಿ ಕೆಲಸ ಮಾಡುವವರು. ಅವರು ಬಂದು ವರ್ನಿಯರ್ ಇಟ್ಟರು. 12 ಗೇಜ್ ಅಂದರೆ 2.64 ಮಿಲಿಮೀಟರ್ ಇರಬೇಕು, ಇದ್ದದ್ದು 2.03. ಅದು 14 ಗೇಜ್; ಗೇಜ್ ನಂಬರ್ ಜಾಸ್ತಿ ಆದಷ್ಟು ತಂತಿ ಸಣ್ಣ. ತಂತಿ ಸಣ್ಣ ಆದ್ದರಿಂದಲೇ ಉದ್ದ ಜಾಸ್ತಿ ಬಂದಿತ್ತು. ದಪ್ಪ ಅರ್ಧ ಮಿಲಿಮೀಟರ್ ಚಿಲ್ಲರೆ ಕಡಿಮೆ, ಆದರೆ ಬಲ ನೂರಕ್ಕೆ ಅರವತ್ತು ಅಷ್ಟೇ. ಎರಡನೇ ವರ್ಷ ಹೋರಿಯೊಂದು ಕುತ್ತಿಗೆ ಉಜ್ಜಿಕೊಳ್ಳಲು ಒರಗಿತು, ಎರಡು ಸಾಲು ಪಟ್ಟನೆ ಹೋಯಿತು.

ವರ್ನಿಯರ್ ಎಲ್ಲರ ಹತ್ತಿರ ಇರುವುದಿಲ್ಲ. ಹೀಗೆ ಮಾಡಿ. ಎರಡು ಎಳೆಯಲ್ಲಿ ಒಂದನ್ನು ಬಿಚ್ಚಿ, ಮುಳ್ಳು ತೆಗೆದು, ನೆಟ್ಟಗೆ ಮಾಡಿ ಸರಿಯಾಗಿ ಒಂದು ಮೀಟರ್ ಕತ್ತರಿಸಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ. 43 ಗ್ರಾಂ ಆಸುಪಾಸು ಬಂದರೆ 12 ಗೇಜ್. 25 ಬಂದರೆ 14. ತಂತಿಯ ತೂಕ ಸುಳ್ಳು ಹೇಳುವುದಿಲ್ಲ.

ಶಿರಸಿ ಸರಳಾ:
ಮುಳ್ಳುತಂತಿ ಅನ್ನುವವರೆಲ್ಲ ಒಮ್ಮೆ ನಮ್ಮ ಕೊಟ್ಟಿಗೆಗೆ ಬನ್ನಿ. ನಮ್ಮ ಗೌರಿ ಎರಡು ವರ್ಷದ ಹಿಂದೆ ಪಕ್ಕದ ತೋಟದ ಮುಳ್ಳುತಂತಿ ಹಾರಲು ಹೋಗಿ ಕೆಚ್ಚಲು ಸಿಕ್ಕಿಸಿಕೊಂಡಳು. ನಾವು ಹೋಗುವಾಗ ಜಗ್ಗಿ ಜಗ್ಗಿ ಒಂದು ಮೊಲೆತೊಟ್ಟು ಉದ್ದಕ್ಕೆ ಸೀಳಿತ್ತು. ಹನ್ನೊಂದು ಹೊಲಿಗೆ. ಡಾಕ್ಟರು ಐದು ಸಲ ಬಂದರು. ಔಷಧಿ, ಓಡಾಟ ಎಲ್ಲ ಸೇರಿ 9,400. ದಿನಕ್ಕೆ ಏಳು ಲೀಟರ್ ಕೊಡುವವಳು ಆ ಸೂಲು ಪೂರ್ತಿ ನಾಲ್ಕಕ್ಕೇ ನಿಂತಳು. ಆ ತೊಟ್ಟು ಇವತ್ತಿಗೂ ಬತ್ತಿದೆ.

ನಾವು ಮುಳ್ಳಿಲ್ಲದ 10 ಗೇಜ್ ಜಿಐ (ಸತು ಲೇಪದ) ತಂತಿ ಹಾಕಿದ್ದೇವೆ, ಏಳು ಸಾಲು. ಕೆಳಗಿನ ನಾಲ್ಕು ಸಾಲು ಅರ್ಧ ಅರ್ಧ ಅಡಿಗೆ, ಮೇಲಿನವು ಇನ್ನೂ ದೂರ ದೂರ. ಪ್ರತಿ ಸಾಲಿಗೂ ತಿರುಪು ಇದೆ, ಬೇಸಿಗೆಯಲ್ಲಿ ಜೋಲು ಬಿದ್ದರೆ ಎರಡು ಸುತ್ತು ತಿರುಗಿಸಿದರೆ ಸಾಕು. ತಂತಿಯ ಉದ್ದಕ್ಕೂ ಗೊಬ್ಬರದ ಗಿಡದ ಗೂಟ ಊರಿದ್ದೇವೆ. ಮೂರು ವರ್ಷಕ್ಕೆ ಅದೇ ಬೇಲಿ, ಸೊಪ್ಪೂ ಸಿಗುತ್ತದೆ.

ಇನ್ನೊಂದು. ಮರಕ್ಕೆ ನೇರವಾಗಿ ಮೊಳೆ ಹೊಡೆದು ತಂತಿ ಕಟ್ಟಬೇಡಿ. ನಮ್ಮ ಮಾವನವರ ಕಾಲದಲ್ಲಿ ಮತ್ತಿಮರಕ್ಕೆ ಕಟ್ಟಿದ ತಂತಿ ಈಗ ಮರದ ಹೊಟ್ಟೆಯೊಳಗೆ ಇದೆ. ತೊಗಟೆಯ ಮೇಲೆ ತುಟಿ ಮುಚ್ಚಿದ ಹಾಗೆ ಒಂದು ಗೆರೆ ಮಾತ್ರ ಕಾಣುತ್ತದೆ. ಸಾಮಿಲ್ಲಿನವರು ಮುಟ್ಟಲು ಒಪ್ಪಲಿಲ್ಲ, ಗರಗಸ ಹಾಳಾಗುತ್ತದೆ ಅಂತ.

ತಿಪಟೂರು ಕಲ್ಪತರು:
ಸರಳಾ ಅಕ್ಕ, ಹಸುವಿಗೆ ಆದದ್ದಕ್ಕೆ ಬೇಜಾರಾಯಿತು. ಆದರೆ ಮುಳ್ಳಿಲ್ಲದ ತಂತಿಗೆ ದನ ಹೆದರುವುದೇ ಇಲ್ಲ. ಎರಡು ಸಾಲಿನ ಮಧ್ಯೆ ತಲೆ ತೂರಿಸಿ ನುಗ್ಗುತ್ತವೆ.

ಶಿರಸಿ ಸರಳಾ:
ತಂತಿ ಬಿಗಿ ಇದ್ದರೆ ನುಗ್ಗುವುದಿಲ್ಲ ಅಣ್ಣ. ಮೂಲೆ ಕಂಬಕ್ಕೆ ಓರೆ ಆನಿಕೆ ಕೊಟ್ಟಿದ್ದೀರಾ ಇಲ್ಲವಾ ಅನ್ನುವುದರ ಮೇಲೆ ಎಲ್ಲ. ನಮ್ಮ ಬೇಲಿಯಲ್ಲಿ ಆರು ವರ್ಷದಿಂದ ಒಂದೂ ನುಗ್ಗಿಲ್ಲ. ನಿಮ್ಮ ತಂದೆಯವರ ಬೇಲಿ ಗಟ್ಟಿ ಇರಬಹುದು, ಅದಕ್ಕೆ ಎಷ್ಟು ದನದ ಮೈ ಹರಿದಿದೆ ಅಂತ ಲೆಕ್ಕ ಇಟ್ಟವರು ಯಾರು?

ತಿಪಟೂರು ಕಲ್ಪತರು:
ತೀರಿಹೋದವರ ಹೆಸರು ಎಳೆಯಬೇಡಿ. ನಮ್ಮ ತಂದೆ ದನವನ್ನು ಮಕ್ಕಳಿಗಿಂತ ಚೆನ್ನಾಗಿ ಸಾಕಿದವರು.

ಸಕಲೇಶಪುರ ಕಾಫಿ:
ಹಂದಿ ಅಂತ ಕೇಳಿದ್ದಾರೆ, ಯಾರೂ ಸೋಲಾರ್ ಮಾತೇ ಎತ್ತಲಿಲ್ಲ. ನಾನು 11 ಎಕರೆಗೆ ಹಾಕಿದ್ದೇನೆ. ಮೊದಲು ಅಲ್ಯೂಮಿನಿಯಂ ತಂತಿ ಹಾಕಿಸಿದೆ. ಉಕ್ಕಿನ ಮೂರನೇ ಒಂದರಷ್ಟು ತೂಕ, ಕರೆಂಟು ಐದಾರು ಪಟ್ಟು ಸಲೀಸು, ತುಕ್ಕಿಲ್ಲ. ಮೂರೂ ನಿಜ. ಆದರೆ ಸಿಲ್ವರ್ ಓಕ್ ಕೊಂಬೆ ಬಿದ್ದರೆ ಎಳೆದುಕೊಂಡು ಉದ್ದವಾಗುತ್ತದೆ, ಮತ್ತೆ ಬಿಗಿಗೆ ಬರುವುದಿಲ್ಲ. ಮೊದಲ ಮಳೆಗಾಲದಲ್ಲೇ 14 ಕಡೆ ಜೋಲು. ಗುಜರಿಯಲ್ಲಿ ರೇಟು ಇರುವುದರಿಂದ ಒಂದು ರಾತ್ರಿ 300 ಮೀಟರ್ ಕದ್ದೂ ಹೋಯಿತು.

ಇನ್ನೊಂದು ತಪ್ಪು ಕೆಲಸದವರದ್ದು. ತುಂಡಾದ ಕಡೆ ಮನೆ ವೈರಿಂಗಿನ ತಾಮ್ರದ ತಂತಿ ಸುತ್ತಿ ಜೋಡಿಸಿದ್ದರು. ಆರು ತಿಂಗಳಿಗೆ ಆ ಜಾಗದಲ್ಲೆಲ್ಲ ಬಿಳಿ ಪುಡಿ. ತಾಮ್ರ, ಅಲ್ಯೂಮಿನಿಯಂ ಒಟ್ಟಿಗೆ ಒದ್ದೆಯಾದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಬೇಲಿಗೆ ಕರೆಂಟು ಕೊಡುವ ಮಷೀನ್ ಹತ್ತಿರ 7,200 ವೋಲ್ಟ್, ತಂತಿಯ ಕೊನೆಯಲ್ಲಿ 2,600. ಹಂದಿ ಆ ಕಡೆಯಿಂದಲೇ ಬರುತ್ತಿತ್ತು. ಈಗ ಪೂರ್ತಿ 12 ಗೇಜ್ ಹೈ ಟೆನ್ಸೈಲ್ (ಎಳೆದರೆ ಸುಲಭಕ್ಕೆ ಹಿಗ್ಗದ) ಜಿಐ ತಂತಿ, ಜೋಡಣೆಗೆ ಅದೇ ಜಾತಿಯ ಕ್ಲ್ಯಾಂಪು. ತಂತಿ ಬದಲಿಸಿದ್ದಕ್ಕೇ 46,000. ಹಂದಿಗೆ ಕೆಳಗಿನ ತಂತಿ ನೆಲದಿಂದ ಎಂಟು ಇಂಚು ದಾಟಬಾರದು. ಹುಲ್ಲು ತಾಗಿದರೆ ಕರೆಂಟು ನೆಲಕ್ಕೆ ಇಳಿಯುತ್ತದೆ, ಹದಿನೈದು ದಿನಕ್ಕೊಮ್ಮೆ ಸವರಬೇಕು. ಬೇಸಿಗೆಯಲ್ಲಿ ಅರ್ತಿಂಗ್ ಗುಣಿಗೆ ನೀರು ಹಾಕಬೇಕು. ಇಷ್ಟು ಮಾಡಲು ಆಗದಿದ್ದರೆ ಸೋಲಾರ್ ಬೇಡ.

ಆನೆಗೆ ಮಾತ್ರ ಇದು ಸಾಲದು. ಕಂಬವನ್ನೇ ತುಳಿದು ಮಲಗಿಸುತ್ತದೆ.

ಗದ್ದೆ ಹುಡುಗ:
ಇಷ್ಟೆಲ್ಲ ಯಾಕೆ? ರಾತ್ರಿ ಮಾತ್ರ ಮನೆ ಲೈನಿನಿಂದ ಒಂದು ತಂತಿ ಎಳೆದು ಬಿಟ್ಟರೆ ಆಯಿತು. ಐದು ಸಾವಿರದಲ್ಲಿ ಮುಗಿಯುತ್ತದೆ. ನಮ್ಮ ಕಡೆ ಸುಮಾರು ಜನ ಮಾಡುತ್ತಾರೆ.

ಸಕಲೇಶಪುರ ಕಾಫಿ:
ಆ ಮಾತನ್ನು ಈಗಲೇ ಅಳಿಸು ತಮ್ಮಾ. ನಮ್ಮ ಪಕ್ಕದ ಊರಿನಲ್ಲಿ ಹೀಗೆ ಬಿಟ್ಟ ತಂತಿಗೆ ಸತ್ತದ್ದು ಹಂದಿಯಲ್ಲ, ಬೆಳಗಿನ ಜಾವ ನೀರು ತಿರುಗಿಸಲು ಹೋದ ಆಳು. ಅವರ ಹೆಂಡತಿ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಾರೆ. ಸೋಲಾರ್ ಮಷೀನು ಸೆಕೆಂಡಿಗೆ ಒಂದು ಸಲ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಹೊಡೆದು ಬಿಡುತ್ತದೆ, ಪ್ರಾಣಿ ಹಿಂದೆ ಹಾರುತ್ತದೆ. ಮನೆಯ 230 ವೋಲ್ಟ್ ಬಿಡುವುದಿಲ್ಲ. ಸ್ನಾಯು ಸೆಟೆದು ಕೈ ತಂತಿಗೇ ಅಂಟಿಕೊಳ್ಳುತ್ತದೆ. ಕಾನೂನಿನಲ್ಲೂ ಅಪರಾಧ. 2003ರ ವಿದ್ಯುತ್ ಕಾಯ್ದೆ ಇದೆ, ಕಾಡುಪ್ರಾಣಿ ಸತ್ತರೆ 1972ರ ವನ್ಯಜೀವಿ ಕಾಯ್ದೆಯೂ ಬರುತ್ತದೆ. ಎಲ್ಲರೂ ಮಾಡುತ್ತಾರೆ ಅನ್ನುವುದು ಉತ್ತರ ಅಲ್ಲ.

ಗದ್ದೆ ಹುಡುಗ:
ಬೆಳೆ ಹೋದವನ ಕಷ್ಟ ನಿಮಗೇನು ಗೊತ್ತು. ನನ್ನ ಒಂದೂವರೆ ಎಕರೆ ಭತ್ತ ಎರಡು ರಾತ್ರಿಯಲ್ಲಿ ಹೋಗಿದೆ. ಸೋಲಾರಿಗೆ ಸಾಲ ಯಾರು ಕೊಡುತ್ತಾರೆ?

ಶಿರಸಿ ಸರಳಾ:
ಕಷ್ಟ ಎಲ್ಲರಿಗೂ ಇದೆ ತಮ್ಮಾ. ಮನೆ ಲೈನು ಮಾತ್ರ ಬೇಡ. ನಿನ್ನ ಮನೆಯವರೇ ಮುಟ್ಟಿದರೆ?

ಶಿಕಾರಿಪುರ ಶುಂಠಿ:
ಕಟ್ಟುತಂತಿ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಬೇಲಿ ಎರಡನೇ ಸಲ ಮಲಗಿದ್ದು ಅದರಿಂದಲೇ. ಸಾಲು ತಂತಿ ಜಿಐ, ಕಂಬಕ್ಕೆ ಕಟ್ಟಿದ್ದು ಸೆಂಟ್ರಿಂಗಿನವರ ಕಪ್ಪು ಬೈಂಡಿಂಗ್ ವೈರು. ಅದಕ್ಕೆ ಸತು ಇರುವುದೇ ಇಲ್ಲ, ಕಾಂಕ್ರೀಟಿನೊಳಗೆ ಮುಚ್ಚಿಹೋಗಲು ಇರುವ ತಂತಿ ಅದು. ಎರಡೇ ಮಳೆಗಾಲಕ್ಕೆ ಗಂಟೆಲ್ಲ ಉದುರಿ, ಚೆನ್ನಾಗಿದ್ದ ತಂತಿ ನೆಲಕ್ಕೆ ಬಿದ್ದಿತ್ತು. 160 ಕಂಬ, ಒಂದೊಂದಕ್ಕೆ ಐದು ಗಂಟು, 800 ಗಂಟು ಮತ್ತೆ ಕಟ್ಟಿಸಿದೆ. ಇಬ್ಬರಿಗೆ ಮೂರು ದಿನ ಕೂಲಿ. ಗಂಟಿಗೂ ಜಿಐ ತಂತಿಯನ್ನೇ ತನ್ನಿ.

ತಿಪಟೂರು ಕಲ್ಪತರು:
ಇದು ಸರಿಯಾದ ಮಾತು. ಆದರೆ ಸಿಮೆಂಟ್ ಕಂಬವೋ ಕಲ್ಲುಕಂಬವೋ ಹೇಳಲಿಲ್ಲ. ಸಿಮೆಂಟ್ ಕಂಬ ಆದರೆ ತಂತಿ ಎಳೆಯುವಾಗಲೇ ಬಿರುಕು ಬಿಡುತ್ತದೆ.

ಶಿಕಾರಿಪುರ ಶುಂಠಿ:
ಸಿಮೆಂಟೇ. ಒಂದೂ ಬಿರುಕು ಬಿಟ್ಟಿಲ್ಲ. ಒಳಗೆ ನಾಲ್ಕು ಸರಳು ಇರುವುದನ್ನು ನೋಡಿ ತಂದದ್ದು. ಎಲ್ಲದಕ್ಕೂ ಕಲ್ಲುಕಂಬ ಅನ್ನುತ್ತೀರಿ, ನಮ್ಮ ಕಡೆ ಲಾರಿ ಬಾಡಿಗೆ ಸೇರಿದರೆ ಒಂದಕ್ಕೆ ಎಷ್ಟು ಬೀಳುತ್ತದೆ ಗೊತ್ತಾ?

ಹೊಸನಗರ ತೋಟ:
ಎಲ್ಲರಿಗೂ ಧನ್ಯವಾದ. ತಂತಿ ತುಂಡು ತೂಗಿ ನೋಡಿದೆ. ಮೊದಲ ಅಂಗಡಿಯದ್ದು 12 ಗೇಜ್ ಅಂತ ಕೊಟ್ಟದ್ದು ಮೀಟರಿಗೆ 26 ಗ್ರಾಂ ಬಂತು. ಎರಡನೇ ಅಂಗಡಿಯದ್ದು 42. ಮೊದಲನೆಯವರ ಕೊಟೇಶನ್ ಹರಿದು ಹಾಕಿದೆ. ಸರಳಾ ಅಕ್ಕ ಹೇಳಿದ ಹಾಗೆ ಮುಳ್ಳಿಲ್ಲದ ತಂತಿ ಎಳೆದು, ಹಂದಿಗೆ ಕೆಳಗೆ ಎರಡು ಸಾಲು ಸೋಲಾರ್ ಕೊಡುವ ಯೋಚನೆ ಇದೆ. ಆದರೆ ಹಳ್ಳದ ಮೂಲೆಗೆ ಏನು ಮಾಡಲಿ? ಮೊದಲೇ ಕೇಳಿದ್ದೆ, ಯಾರೂ ಹೇಳಲಿಲ್ಲ.

ಕುಮಟಾ ತೆಂಗು:
ಬೇಲಿಯನ್ನು ಹಳ್ಳದ ಮೇಲೆ ಒಂದೇ ಎಳೆಯಲ್ಲಿ ಹಾಯಿಸಬೇಡಿ. ನಾನು ಹಾಗೆ ಮಾಡಿದ್ದೆ. ಕಸಕಡ್ಡಿ, ಒಂದು ಬಾಳೆಬುಡ ಬಂದು ಜಾಲರಿಗೆ ಸಿಕ್ಕಿ, ನೀರು ಒತ್ತಿ, ಎರಡೂ ಕಡೆ ಹನ್ನೆರಡು ಹನ್ನೆರಡು ಕಂಬ ಎಳೆದುಕೊಂಡು ಹೋಯಿತು. ಎರಡು ದಡದಲ್ಲೂ ಗಟ್ಟಿ ಕಂಬ ನೆಟ್ಟು ಬೇಲಿಯನ್ನು ಅಲ್ಲಿಗೇ ಮುಗಿಸಿ. ಮಧ್ಯದಲ್ಲಿ ಮೇಲೆ ಒಂದು ದಪ್ಪ ತಂತಿ ಎಳೆದು, ಅದರಿಂದ ಬಿದಿರಿನ ದಬ್ಬೆಗಳನ್ನು ಪರದೆಯ ಹಾಗೆ ಇಳಿಬಿಡಿ. ನೀರು ಬಂದಾಗ ಅವು ಮೇಲೆದ್ದು ದಾರಿ ಬಿಡುತ್ತವೆ, ಇಳಿದಾಗ ತಾವೇ ಕೆಳಗೆ ನಿಲ್ಲುತ್ತವೆ. ಸೋಲಾರ್ ತಂತಿಯನ್ನು ಹಳ್ಳಕ್ಕೆ ಇಳಿಸಲೇಬೇಡಿ. ಪರದೆಯ ತಂತಿಯನ್ನು ಒಂದು ದಡದಲ್ಲಿ ಗಟ್ಟಿಯಾಗಿ ಕಟ್ಟಿ. ಇನ್ನೊಂದು ದಡದಲ್ಲಿ 18 ಗೇಜಿನ ಕಪ್ಪು ಬೈಂಡಿಂಗ್ ವೈರಿನಲ್ಲಿ ಎರಡೇ ಸುತ್ತು. ದೊಡ್ಡ ಪ್ರವಾಹ ಬಂದರೆ ಅದೊಂದು ಗಂಟು ಹರಿದು ಪರದೆ ಒಂದು ಬದಿಗೆ ಸರಿಯುತ್ತದೆ, ಬೇಲಿ ಉಳಿಯುತ್ತದೆ. ಪ್ರತಿ ವರ್ಷ ಮೇ ಕೊನೆಯಲ್ಲಿ ಆ ಗಂಟು ಬದಲಿಸಿ.