ಶೃಂಗಾರ ಕಥೆ ಬರೆಯುವ ಸ್ವತಂತ್ರ ಲೇಖಕರನ್ನು ಹುಡುಕುವುದು ಹೇಗೆ?

ಹಾಳೆಯಂಚು:
ಕಾಮವೇ ಕೇಂದ್ರದಲ್ಲಿದ್ದು, ಕಥೆಯಾಗಿಯೂ ಗಟ್ಟಿಯಾಗಿ ನಿಲ್ಲುವ ಬರವಣಿಗೆ ಬೇಕು. ಅದೂ ತಾವೇ ಬರೆದು ತಾವೇ ಪ್ರಕಟಿಸುವವರದ್ದು. ಈ-ಪುಸ್ತಕದ ಅಂಗಡಿಗಳಲ್ಲಿ ‘ಎರಾಟಿಕಾ’ ಎಂದು ಹುಡುಕಿದರೆ ಒಂದೇ ಅಚ್ಚಿನ ಮುಖಪುಟಗಳು ಸಾಲುಗಟ್ಟುತ್ತವೆ. ‘ಲಿಟರರಿ’ ಎಂದು ಸೇರಿಸಿದರೆ ಕಾಮದ ಸುಳಿವೇ ಇಲ್ಲದ ಕಾದಂಬರಿಗಳು ಬರುತ್ತವೆ. ಹೊಸ ಹೆಸರು ಸಿಗುವ ದಾರಿ ಯಾವುದು? ಸಿಕ್ಕ ಮೇಲೆ, ದುಡ್ಡು ಕೊಡುವ ಮುಂಚೆ ಬರವಣಿಗೆಯನ್ನು ತೂಗಿ ನೋಡುವುದು ಹೇಗೆ?

ಮಸಿಕುಡಿಕೆ:
ಅಂಗಡಿಯ ಹುಡುಕಾಟವನ್ನು ಮೊದಲು ಬಿಡಿ. ವಯಸ್ಕರದ್ದೆಂದು ಗುರುತು ಬಿದ್ದ ಪುಸ್ತಕ ಅಮೆಜಾನ್‌ನ ಸಾಮಾನ್ಯ ಹುಡುಕಾಟದಲ್ಲಿ ಎಷ್ಟೋ ಸಲ ಮೇಲೆ ಬರುವುದೇ ಇಲ್ಲ. ಲೇಖಕರ ಹೆಸರು, ಪುಸ್ತಕದ ಹೆಸರು ಎರಡೂ ಗೊತ್ತಿದ್ದರೆ, ಅದರ ಈ-ಪುಸ್ತಕಗಳ ಕಿಂಡಲ್ ವಿಭಾಗದೊಳಗೆ ನಿಂತು ಹುಡುಕಿದರೆ ಸಿಗಬಹುದು. ಸ್ವಪ್ರಕಾಶಿತ ಈ-ಪುಸ್ತಕಗಳ ಅಂಗಡಿಯಾದ ಸ್ಮ್ಯಾಶ್‌ವರ್ಡ್ಸ್‌ನಲ್ಲಿ ವಯಸ್ಕರ ಬರಹಗಳನ್ನು ತಡೆಯುವ ಸೋಸುಗ (ಫಿಲ್ಟರ್) ಇದೆ. ಅದನ್ನು ನೀವೇ ಸಡಿಲಿಸಬೇಕು, ಇಲ್ಲವಾದರೆ ಇಡೀ ವಿಭಾಗವೇ ಖಾಲಿ ಎನಿಸುತ್ತದೆ. ಅಂದರೆ ಅಂಗಡಿಗೆ ಹೋಗುವ ಹೊತ್ತಿಗೆ ಹೆಸರು ಕೈಯಲ್ಲಿರಬೇಕು.

ಆ ಹೆಸರು ಸಿಗುವ ಅತಿ ಒಳ್ಳೆಯ ಜಾಗ ಸಂಪಾದಿತ ಕಥಾಸಂಕಲನ. ಒಬ್ಬ ಸಂಪಾದಕರು ನೂರಾರು ಕಥೆ ಓದಿ ಹದಿನೈದೋ ಇಪ್ಪತ್ತೋ ಆರಿಸಿರುತ್ತಾರೆ, ನಿಮ್ಮ ಅರ್ಧ ಕೆಲಸ ಅಲ್ಲೇ ಮುಗಿಯಿತು. ಕೊನೆಯ ಪುಟಗಳ ಲೇಖಕರ ಪರಿಚಯ ನೋಡಿ. ಸ್ವಂತ ಜಾಲತಾಣ, ಸ್ವಂತವಾಗಿ ತಂದ ಪುಸ್ತಕಗಳ ಮಾಹಿತಿ ಅಲ್ಲಿರುತ್ತದೆ. ಹಿಡಿಸಿದ ಕಥೆಯ ಲೇಖಕರನ್ನು ಹಿಡಿದು ಅವರು ಬರೆದ ಬೇರೆ ಸಂಕಲನಕ್ಕೆ ಹೋಗಿ. ಅಲ್ಲಿ ಮತ್ತೆರಡು ಹೊಸ ಹೆಸರು ಸಿಗುತ್ತವೆ. ಸಂಪಾದಕರ ಹೆಸರನ್ನೂ ಬರೆದಿಟ್ಟುಕೊಳ್ಳಿ. ನಿಮ್ಮ ರುಚಿಗೆ ಹೊಂದುವ ಸಂಪಾದಕರೊಬ್ಬರು ಸಿಕ್ಕರೆ ಅಂಗಡಿಯ ಯಾವ ಶಿಫಾರಸೂ ಬೇಕಾಗದು.

ಕರಡುಪ್ರತಿ:
ತೂಗುವ ವಿಚಾರಕ್ಕೆ ಬರುತ್ತೇನೆ. ಬಹಳ ಜನ ಮಾದರಿ ಪುಟಗಳಲ್ಲಿ ಮಿಲನದ ದೃಶ್ಯವನ್ನೇ ಹುಡುಕಿ ಓದುತ್ತಾರೆ. ಅದಕ್ಕಿಂತ ಮುಂಚಿನ ಪುಟ ಹೆಚ್ಚು ಹೇಳುತ್ತದೆ. ಇಬ್ಬರು ಇನ್ನೂ ಮುಟ್ಟಿಕೊಂಡಿಲ್ಲ, ಬರೀ ಮಾತಾಡುತ್ತಿದ್ದಾರೆ. ಆ ಮಾತಿನಲ್ಲಿ ಯಾರಿಗೆ ಏನು ಬೇಕು, ಯಾರು ಏನನ್ನು ತಡೆಹಿಡಿದಿದ್ದಾರೆ ಎಂಬುದು ಕಾಣಬೇಕು. ಪಾತ್ರಗಳ ಹೆಸರು ಅದಲುಬದಲು ಮಾಡಿದರೂ ಸಂಭಾಷಣೆಗೆ ಏನೂ ಆಗದಿದ್ದರೆ ಅಲ್ಲಿ ಪಾತ್ರಗಳೇ ಇಲ್ಲ.

ದೃಶ್ಯದೊಳಗೆ ನೋಡಬೇಕಾದದ್ದು ದೃಷ್ಟಿಕೋನ. ಅವಳ ಅನುಭವದಿಂದ ಶುರುವಾದ ಪ್ಯಾರಾ ಮಧ್ಯದಲ್ಲಿ ಅವನ ತಲೆಯೊಳಗೆ ಜಿಗಿದರೆ ಒತ್ತಡ ಅಲ್ಲೇ ಸೋರಿಹೋಗುತ್ತದೆ. ಎದುರಿನವರ ಮನಸ್ಸು ಗೊತ್ತಿಲ್ಲದಿರುವುದೇ ಈ ಬಗೆಯ ಕಥೆಯ ಜೀವ. ಕೈ, ಬಟ್ಟೆ, ಭಂಗಿಗಳ ಲೆಕ್ಕ ತಪ್ಪಿದ್ದರೆ ಲೇಖಕರು ದೃಶ್ಯವನ್ನು ಕಣ್ಣೆದುರು ತಂದುಕೊಂಡಿಲ್ಲ, ಸಂಪಾದಕರ ಕಣ್ಣೂ ಬಿದ್ದಿಲ್ಲ. ಪ್ರತಿ ಅಂಗಕ್ಕೂ ಹೂವು, ಬೆಂಕಿ, ಅಲೆ ಎಂದು ಉಪಮೆ ಹೊದಿಸುವುದನ್ನು ಸಾಹಿತ್ಯ ಎಂದುಕೊಳ್ಳಬೇಡಿ. ನೇರ ಹೆಸರು ಬಳಸಿಯೂ ನವಿರಾಗಿ ಬರೆಯುವವರಿದ್ದಾರೆ, ಮತ್ತು ಅವರೇ ಅಪರೂಪ.

ಕೊನೆಯದಾಗಿ, ದೃಶ್ಯ ಮುಗಿದ ನಂತರದ ಪ್ಯಾರಾ. ಇಬ್ಬರ ನಡುವೆ ಏನಾದರೂ ಬದಲಾಗಿರಬೇಕು. ಅಧಿಕಾರ ಒಬ್ಬರಿಂದ ಇನ್ನೊಬ್ಬರಿಗೆ ಸರಿದಿರಬಹುದು, ಮುಚ್ಚಿಟ್ಟದ್ದು ಹೊರಬಿದ್ದಿರಬಹುದು. ಏನೂ ಬದಲಾಗದೆ ಮುಂದಿನ ದೃಶ್ಯಕ್ಕೆ ಹಾರಿದರೆ ಉಳಿದ ಪುಸ್ತಕವೂ ಹಾಗೇ ಇರುತ್ತದೆ.

ಬೆಳ್ಳಿಪುಟ:
ಕರಡುಪ್ರತಿಯವರ ಮಾತು ಸರಿ, ಆದರೆ ಮಾದರಿಯಲ್ಲಿ ಅಷ್ಟು ಪುಟ ಸಿಕ್ಕರೆ ತಾನೆ? ಕಿಂಡಲ್ ಮಾದರಿ ಸಾಮಾನ್ಯವಾಗಿ ಪುಸ್ತಕದ ಮೊದಲ 10% ಮಾತ್ರ. ಐದು ಸಾವಿರ ಪದಗಳ ಬಿಡಿ ಕಥೆಯಾದರೆ ಐನೂರು ಪದ. ಹಕ್ಕುಸ್ವಾಮ್ಯ, ಎಚ್ಚರಿಕೆ, ಅರ್ಪಣೆ, ಪರಿವಿಡಿಯೇ ಅದರಲ್ಲಿ ಬಹುಪಾಲು ನುಂಗುತ್ತವೆ. ಹಾಗಾಗಿ ಬಿಡಿ ಕಥೆಯ ಬದಲು ಅದೇ ಲೇಖಕರ ಸಂಕಲನದ ಮಾದರಿ ಇಳಿಸಿಕೊಳ್ಳಿ, ಮೊದಲ ಕಥೆ ಪೂರ್ತಿ ಸಿಗುವ ಸಾಧ್ಯತೆ ಇದೆ. ಸ್ಮ್ಯಾಶ್‌ವರ್ಡ್ಸ್‌ನಲ್ಲಿ ಮಾದರಿ ಎಷ್ಟಿರಬೇಕೆಂದು ಲೇಖಕರೇ ನಿಗದಿ ಮಾಡುತ್ತಾರೆ, ಅಲ್ಲಿ ಕೆಲವರು ಧಾರಾಳಿಗಳು.

ಇನ್ನೊಂದು ಗೊಂದಲ. ಪುಸ್ತಕ ಬೇರೆಲ್ಲೂ ಸಿಗದೆ ಅಮೆಜಾನ್‌ನ ಚಂದಾ ಓದು ಸೇವೆಯಾದ ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ ಮಾತ್ರ ಇದ್ದರೆ, ಸ್ವಪ್ರಕಾಶಿತ ಈ-ಪುಸ್ತಕವನ್ನು ಅಲ್ಲಿಡಲು 90 ದಿನಗಳ ಅವಧಿಗೆ ಅಮೆಜಾನ್‌ಗಷ್ಟೇ ಕೊಡಬೇಕೆಂಬ ಷರತ್ತೇ ಕಾರಣ. ಆ ಅವಧಿಯಲ್ಲಿ ಲೇಖಕರು ತಮ್ಮ ಜಾಲತಾಣದಲ್ಲೂ ಅದನ್ನು ಮಾರುವಂತಿಲ್ಲ, ಉಚಿತವಾಗಿ ಕೊಡುವಂತೆಯೂ ಇಲ್ಲ. ಅವರು ಮಿಂಚಂಚೆಯಲ್ಲಿ ಕಳಿಸುವ ಸುದ್ದಿಪತ್ರಕ್ಕೆ ಸೇರಿದರೆ ಸಿಗುವ ಉಚಿತ ಕಥೆ ಬೇರೆಯದಾಗಿರುತ್ತದೆ. ಅಳೆಯಲು ಅದೇ ಒಳ್ಳೆಯದು, ಪೂರ್ತಿ ಕಥೆ ಇರುತ್ತದಲ್ಲ.

ಹಾಳೆಯಂಚು:
ಎಲ್ಲರಿಗೂ ಧನ್ಯವಾದ. ಸುದ್ದಿಪತ್ರ ಅಷ್ಟು ಮುಖ್ಯವೇ? ಅಂಗಡಿಯಲ್ಲೇ ಲೇಖಕರನ್ನು ‘ಫಾಲೋ’ ಮಾಡಿದರೆ ಸಾಲದೇ?

ಮಸಿಕುಡಿಕೆ:
ಸಾಲದು. ಈ ಕ್ಷೇತ್ರದಲ್ಲಿ ಅಂಗಡಿಗಳ ನಿಯಮ ರಾತ್ರೋರಾತ್ರಿ ಬದಲಾಗುತ್ತದೆ, ಹೆಚ್ಚಾಗಿ ಹಣ ಪಾವತಿ ಸಂಸ್ಥೆಗಳ ಒತ್ತಡದಿಂದ. 2012ರಲ್ಲಿ ಹಣ ಪಾವತಿ ಸಂಸ್ಥೆ ಪೇಪಾಲ್, ಕೆಲವು ಬಗೆಯ ಶೃಂಗಾರ ಕೃತಿಗಳನ್ನು ತೆಗೆಯುವಂತೆ ಸ್ಮ್ಯಾಶ್‌ವರ್ಡ್ಸ್ ಮೇಲೆ ಒತ್ತಡ ಹಾಕಿತು, ಲೇಖಕರು ಮತ್ತು ಓದುಗರು ಪ್ರತಿಭಟಿಸಿದ ಮೇಲೆ ಸಡಿಲಿಸಿತು. 2018ರ ಡಿಸೆಂಬರ್‌ನಲ್ಲಿ ಬ್ಲಾಗ್ ತಾಣ ಟಂಬ್ಲರ್ ವಯಸ್ಕರ ಚಿತ್ರಗಳಿಗೆ ನಿಷೇಧ ಹೇರಿತು, ಲೇಖಕರ ಓದುಗ ಬಳಗವೂ ಚದುರಿತು. 2024ರಲ್ಲಿ, ಲೇಖಕರು ನೇರವಾಗಿ ಮಾರುವ ತಾಣ ಗಮ್‌ರೋಡ್ ನಿಯಮ ಬಿಗಿ ಮಾಡಿತು. 2025ರ ಜುಲೈನಲ್ಲಿ, ಸ್ವತಂತ್ರ ಆಟ ಮತ್ತು ಪುಸ್ತಕಗಳನ್ನು ಮಾರುವ ತಾಣ ಇಚ್ ಡಾಟ್ ಐಒ ವಯಸ್ಕರ ಕೃತಿಗಳನ್ನು ಹುಡುಕಾಟದಿಂದಲೇ ತೆಗೆಯಿತು. ಇಂಥ ಹೊತ್ತಿನಲ್ಲಿ ಲೇಖಕರು ಎಲ್ಲಿಗೆ ಹೋದರೆಂದು ತಿಳಿಸುವುದು ಅವರದೇ ಮಿಂಚಂಚೆ ಪಟ್ಟಿ ಮಾತ್ರ.

ಕೊಂಡದ್ದನ್ನು ಕಾಪಾಡಿಕೊಳ್ಳುವುದೂ ಇದಕ್ಕೇ ಸೇರಿದ ವಿಷಯ. 2025ರ ಫೆಬ್ರವರಿಯಲ್ಲಿ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರ್‌ಗೆ ಇಳಿಸಿ ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನು ಅಮೆಜಾನ್ ನಿಲ್ಲಿಸಿತು. ಲೇಖಕರ ಜಾಲತಾಣದಲ್ಲಿ ನಕಲು ತಡೆಯ ಬೀಗವಿಲ್ಲದ ಈಪಬ್ (ಈ-ಪುಸ್ತಕದ ಸಾಮಾನ್ಯ ಕಡತ ರೂಪ) ಸಿಕ್ಕರೆ ಅದನ್ನೇ ಕೊಳ್ಳಿ, ಎರಡು ಕಡೆ ನಕಲು ಇಟ್ಟುಕೊಳ್ಳಿ. ಅವರ ಕೈಗೆ ಸೇರುವ ಪಾಲೂ ಸಾಮಾನ್ಯವಾಗಿ ಹೆಚ್ಚು.

ಕರಡುಪ್ರತಿ:
ಕಾವ್ಯನಾಮದ ಬಗ್ಗೆ ಒಂದು ಮಾತು. ಇವರಲ್ಲಿ ಅನೇಕರು ಎರಡು ಮೂರು ಹೆಸರಲ್ಲಿ ಬರೆಯುತ್ತಾರೆ, ಒಂದು ನಯವಾದ ಕಥೆಗಳಿಗೆ, ಇನ್ನೊಂದು ತೀಕ್ಷ್ಣವಾದವಕ್ಕೆ. ತಾವಾಗಿ ಬಹಿರಂಗಪಡಿಸಿದ್ದರೆ ಎಲ್ಲವನ್ನೂ ಓದಿ. ಬಹಿರಂಗಪಡಿಸದಿದ್ದರೆ ಶೈಲಿ ಹೋಲಿಸಿ ಇವರೇ ಅವರು ಎಂದು ವಿಮರ್ಶೆಯಲ್ಲಿ ಬರೆಯಬೇಡಿ, ನೌಕರಿ ಮತ್ತು ಮನೆಯ ನೆಮ್ಮದಿ ಆ ಹೆಸರಿನ ಮೇಲೆ ನಿಂತಿರುತ್ತದೆ. ವಿಮರ್ಶೆ ಮಾತ್ರ ಖಂಡಿತ ಬರೆಯಿರಿ. ‘ಬಿಸಿಯಾಗಿದೆ’ ಎನ್ನುವುದಕ್ಕಿಂತ ಯಾವ ಬಗೆಯ ಸಂಬಂಧ, ಯಾವ ವೇಗ, ಎಷ್ಟು ನೇರ ಎಂದು ನಾಲ್ಕು ಸಾಲು ಹೇಳಿದರೆ, ನಿಮ್ಮಂತೆ ಹುಡುಕುತ್ತಿರುವ ಇನ್ನೊಬ್ಬರಿಗೆ ಆ ಪುಸ್ತಕ ಸಿಗುತ್ತದೆ.