ವೈಡ್ ಆ್ಯಂಗಲ್ ಮರುಭೂಮಿ ಚಿತ್ರ: ಆಕಾಶದ ನಡುವೆ ಕಡುನೀಲಿ ಪಟ್ಟೆ, ದಿಬ್ಬದ ಅಂಚಿಗೆ ಬಿಳಿ ಗೆರೆ

ತೊಗರಿಕಣಜ (ಕಲಬುರಗಿ):
ಜೈಸಲ್ಮೇರ್ ಬಳಿಯ ಸಮ್ ಮರಳುದಿಬ್ಬಗಳಲ್ಲಿ ಸೂರ್ಯ ಮುಳುಗುವ ಮುಂಚೆ ತೆಗೆದ ಚಿತ್ರಗಳಿವು. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾ, 10–20 ಮಿ.ಮೀ. ಲೆನ್ಸ್. 10ರಲ್ಲೇ ಇಟ್ಟು, ಪೋಲರೈಸರ್ (ಆಕಾಶದ ನೀಲಿಯನ್ನು ಗಾಢವಾಗಿಸುವ ಫಿಲ್ಟರ್) ಹಾಕಿ, ಉತ್ತರಕ್ಕೆ ಮುಖ ಮಾಡಿ ತೆಗೆದಿದ್ದೇನೆ. ಚೆದುರಿದ ಮೋಡಗಳ ಒಳ್ಳೆಯ ಆಕಾಶವಿತ್ತು. ಕಂಪ್ಯೂಟರಿನಲ್ಲಿ ನೋಡಿದರೆ ಆಕಾಶದ ನಟ್ಟನಡುವೆ ಕಡುನೀಲಿ ಪಟ್ಟೆ, ಎರಡೂ ಬದಿ ಪೇಲವ. ಲೈಟ್‌ರೂಮ್ ತಂತ್ರಾಂಶದಲ್ಲಿ ಆಕಾಶವನ್ನಷ್ಟೇ ಆಯ್ದು ಡಿಹೇಜ್ (ಮಬ್ಬು ತೆಗೆಯುವುದು) 60, ಕ್ಲ್ಯಾರಿಟಿ (ಅಂಚು ಎದ್ದು ಕಾಣಿಸುವುದು) 50 ಕೊಟ್ಟೆ. ದಿಬ್ಬದ ಅಂಚಿನುದ್ದಕ್ಕೂ ಬಿಳಿ ಗೆರೆ ಮೂಡಿತು. ಸಾಲದ್ದಕ್ಕೆ, ಕಣ್ಣಿಗೆ ಅಷ್ಟೆತ್ತರ ಕಂಡ ದಿಬ್ಬ ಚಿತ್ರದಲ್ಲಿ ಹೊಲದ ಬದುವಿನಷ್ಟಾಗಿದೆ. ಲೆನ್ಸ್ ಮಾರಿಬಿಡು ಎನ್ನುತ್ತಿದ್ದಾರೆ ಗೆಳೆಯರು. ಏನು ಮಾಡಲಿ?

ಅಷ್ಟೂರು ನೆರಳು (ಬೀದರ್):
ಲೆನ್ಸ್ ಮಾರಬೇಡಿ ಸರ್, ಪೋಲರೈಸರ್ ಕಳಚಿಡಿ. ನೀಲಿ ಆಕಾಶದ ಬೆಳಕು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಧ್ರುವೀಕರಣಗೊಂಡಿರುವುದಿಲ್ಲ (ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವುದಿಲ್ಲ). ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟೆಯಲ್ಲಿ ಅತಿ ಹೆಚ್ಚು, ಪೋಲರೈಸರ್ ಅಲ್ಲೇ ಹೆಚ್ಚು ಕಪ್ಪಾಗಿಸುತ್ತದೆ. ಸೂರ್ಯನತ್ತ ಹೋದರೂ ಅದರ ಎದುರು ದಿಕ್ಕಿಗೆ ಹೋದರೂ ಕಡಿಮೆಯಾಗುತ್ತದೆ. ಸೂರ್ಯ ಪಶ್ಚಿಮದಲ್ಲಿದ್ದಾಗ ನೀವು ಉತ್ತರಕ್ಕೆ ತಿರುಗಿದ್ದೀರಿ, ಪಟ್ಟೆ ಚೌಕಟ್ಟಿನ ನಡುವೆ ಬಾರದೆ ಇನ್ನೆಲ್ಲಿ ಬರಬೇಕು? 10 ಮಿ.ಮೀ.ನಲ್ಲಿ ಅಡ್ಡಲಾಗಿ ಸುಮಾರು 99 ಡಿಗ್ರಿ ನೋಟ ಸಿಗುತ್ತದೆ, ಹಾಗಾಗಿ ಕಪ್ಪೂ ಪೇಲವವೂ ಒಟ್ಟಿಗೆ ಕಾಣುತ್ತವೆ. ಅದೇ ಫಿಲ್ಟರನ್ನು 35 ಮಿ.ಮೀ. ಲೆನ್ಸಿಗೆ ಹಾಕಿದರೆ ನೋಟ 37 ಡಿಗ್ರಿಯಷ್ಟೇ, ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ಪಟ್ಟೆ ಎಲ್ಲಿ ಬೀಳುತ್ತದೆ ಎಂದು ಕ್ಯಾಮೆರಾ ತೆಗೆಯುವ ಮುಂಚೆಯೇ ನೋಡಿಕೊಳ್ಳಬಹುದು. ತೋರುಬೆರಳನ್ನು ಸೂರ್ಯನತ್ತ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಬಿಡಿಸಿ, ತೋರುಬೆರಳು ಕದಲದಂತೆ ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ಸುತ್ತುವ ದಾರಿಯೇ ಆ ಪಟ್ಟೆ. ಮಳೆ ಬಿಡುವು ಕೊಟ್ಟ ಸಂಜೆ ಅಷ್ಟೂರಿಗೆ ಬನ್ನಿ, ಬಹಮನಿ ಗೋರಿಗಳ ಬಯಲಿನಲ್ಲಿ ನಿಂತು ನೋಡಿದರೆ ಒಮ್ಮೆಗೇ ಅರ್ಥವಾಗುತ್ತದೆ. ಅಂದ ಹಾಗೆ, ಅಲ್ಲಿ ಗುಮ್ಮಟ ಪೂರ್ತಿ ಹಿಡಿಸಲೆಂದು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಬೇಡಿ. ಸಿಡಿಲು ಬಡಿದು ಅರ್ಧ ಕುಸಿದ ಬಹಮನಿ ಸುಲ್ತಾನ ಹುಮಾಯೂನನ ಗೋರಿ ಉಳಿದರ್ಧವೂ ಬೀಳುವಂತೆ ವಾಲಿಬಿಡುತ್ತದೆ.

ತೊಗರಿಕಣಜ:
ರಾ ಕಡತ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ) ಇದೆ ಅಣ್ಣಾ. ಈಗ ತೆಗೆದದ್ದನ್ನು ಉಳಿಸಿಕೊಳ್ಳಬಹುದೇ?

ಅಷ್ಟೂರು ನೆರಳು:
ಒಂದು ಮಟ್ಟಿಗೆ. ಪಟ್ಟೆಯ ಮೇಲೆ ಅಂಚು ಮೆದುವಾದ ರೇಡಿಯಲ್ ಮಾಸ್ಕ್ (ತಿದ್ದುವ ಭಾಗವನ್ನಷ್ಟೇ ಆಯುವ ದುಂಡು ಆಯ್ಕೆ) ಎಳೆಯಿರಿ. ಅದನ್ನು ಕಲರ್ ರೇಂಜ್‌ನೊಂದಿಗೆ ಇಂಟರ್‌ಸೆಕ್ಟ್ ಮಾಡಿದರೆ ನೀಲಿ ಮಾತ್ರ ಉಳಿದು ಮೋಡ ಹೊರಗುಳಿಯುತ್ತದೆ. ಎಕ್ಸ್‌ಪೋಶರ್ ಅರ್ಧ ಸ್ಟಾಪ್ ಏರಿಸಿ, ಸ್ಯಾಚುರೇಶನ್ ಇಳಿಸಿ. ಜೆಪೆಗ್‌ನಲ್ಲಿ ಇದಕ್ಕೆ ಕೈ ಹಾಕಬೇಡಿ: 8 ಬಿಟ್ ಕಡತದಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳಷ್ಟೇ, ಎಳೆದರೆ ನೀಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. 14 ಬಿಟ್ ರಾ ಕಡತದಲ್ಲಿ 16,384 ಇರುತ್ತವೆ. ಪೂರ್ತಿ ಹೋಗದಿದ್ದರೆ ಕತ್ತರಿಸಿ, ಪಟ್ಟೆ ಒಂದು ಬದಿಗೆ ಬರುವಂತೆ ಮಾಡಿ. ಮೂಲೆಯ ಕಪ್ಪು ಕಣ್ಣಿಗೆ ಅಷ್ಟು ಚುಚ್ಚುವುದಿಲ್ಲ.

ಎರೆಹೊಲ (ಶಹಾಪುರ):
ಬಿಳಿ ಗೆರೆಗೆ ಕಾರಣ ಬೇರೆ. ಕ್ಲ್ಯಾರಿಟಿ ಅಂಚಿನ ಒಂದು ಬದಿಯನ್ನು ಬೆಳಗಿಸಿ ಇನ್ನೊಂದು ಬದಿಯನ್ನು ಕಪ್ಪಾಗಿಸುತ್ತದೆ. ಇತ್ತ ಆಕಾಶದ ಮಾಸ್ಕ್ ದಿಬ್ಬದ ಅಂಚಿಗೆ ಕೂದಲೆಳೆ ಮುಂಚೆ ನಿಂತರೆ ಅಲ್ಲಿ ಕಪ್ಪಾಗದ ಆಕಾಶದ ಎಳೆ ಉಳಿಯುತ್ತದೆ. ಎರಡೂ ಸೇರಿದರೆ ನಮ್ಮ ಬುದ್ಧ ಮಲಗಿದ ಬೆಟ್ಟದ ಚಿತ್ರದಲ್ಲೂ ಬುದ್ಧನ ಮೂಗಿನ ಮೇಲೆ ಸುಣ್ಣ ಬಳಿದಂತಾಗುತ್ತದೆ! ಕ್ಲ್ಯಾರಿಟಿ ಸೊನ್ನೆಗೆ ತನ್ನಿ, ಡಿಹೇಜ್ 15–20 ಸಾಕು. ಮೋಡದ ಗಾಂಭೀರ್ಯ ಬೇಕಿದ್ದರೆ ಆಕಾಶದ ಹೈಲೈಟ್ಸ್ (ಅತಿ ಬೆಳ್ಳಗಿನ ಭಾಗಗಳು) ಇಳಿಸಿ. ಆಮೇಲೆ ಚಿತ್ರವನ್ನು 100 ಪ್ರತಿಶತಕ್ಕೆ ಹಿಗ್ಗಿಸಿ, ಅಂಚಿನುದ್ದಕ್ಕೂ ಬ್ರಷ್‌ನಿಂದ ಮಾಸ್ಕನ್ನು ಅಂಚಿನವರೆಗೆ ತುಂಬಿ.

ಬದುವಿನ ವಿಷಯ. ವೈಡ್ ಲೆನ್ಸ್ ದೂರದ್ದನ್ನು ಕುಗ್ಗಿಸಿ ಹತ್ತಿರದ್ದನ್ನು ಹಿಗ್ಗಿಸುತ್ತದೆ. ನಿಂತ ಎತ್ತರದಿಂದ ತೆಗೆದಿದ್ದೀರಿ, ಮುಂದೆ ಬರೀ ನುಣ್ಣನೆಯ ಮರಳು, ಕಣ್ಣಿಗೆ ಹಿಡಿತವೇ ಇಲ್ಲ. ಮಂಡಿಯೂರಿ, ಕ್ಯಾಮೆರಾವನ್ನು ಮೊಳದೆತ್ತರಕ್ಕೆ ಇಳಿಸಿ, ಗಾಳಿ ಬರೆದ ಅಲೆಗೆರೆಗಳು ಕೆಳಮೂಲೆಯಿಂದ ದಿಬ್ಬದ ನೆತ್ತಿಯತ್ತ ಹೋಗುವ ಜಾಗ ಹುಡುಕಿ. ಓರೆ ಬೆಳಕಿನಲ್ಲಿ ಪ್ರತಿ ಗೆರೆಗೂ ನೆರಳು ಬೀಳುತ್ತದೆ. 10 ಮಿ.ಮೀ., ಎಫ್/8 (ಲೆನ್ಸಿನ ಬೆಳಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಇಟ್ಟು ಸುಮಾರು 65 ಸೆಂ.ಮೀ. ದೂರಕ್ಕೆ ಫೋಕಸ್ ಮಾಡಿದರೆ 33 ಸೆಂ.ಮೀ.ನಿಂದ ದಿಗಂತದವರೆಗೂ ಚೂಪಾಗಿರುತ್ತದೆ. ಎಫ್/22ಕ್ಕೆ ಹೋಗುವುದೇ ಬೇಡ, ಡಿಫ್ರ್ಯಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರ ಮಂಕಾಗುತ್ತದೆ. ದಿಗಂತ ನಡುಮಧ್ಯಕ್ಕೆ ಬೇಡ ಎಂಬುದು ನಿಮಗೂ ಗೊತ್ತು. ನಿಮ್ಮ ಮೂರನೆಯ ಚಿತ್ರದಲ್ಲಿ ಮೋಡಗಳೇ ಮಾತಾಡುತ್ತಿವೆ, ಅವಕ್ಕೆ ಮೂರನೇ ಎರಡು ಭಾಗ ಬಿಟ್ಟುಕೊಡಿ.

ತೊಗರಿಕಣಜ:
ಬಿಳಿ ಗೆರೆ ಹೋಯಿತು. ಪಟ್ಟೆ ಮುಕ್ಕಾಲು ಪಾಲು ಮಾಸಿದೆ, ಉಳಿದದ್ದನ್ನು ಕತ್ತರಿಸಿದೆ. ಇನ್ನೊಂದು ಕೇಳುವುದಿತ್ತು: ಜೂಮ್ ರಿಂಗ್ ತಿರುಗಿಸಿದರೆ ಕರಕರ ಎನ್ನುತ್ತಿದೆ.

ಎರೆಹೊಲ:
ಮರಳು ಹೊಕ್ಕಿದೆ ಅಣ್ಣಾ. ತಿರುಗಿಸುವುದನ್ನು ಈಗಲೇ ನಿಲ್ಲಿಸಿ. ಲೆನ್ಸನ್ನು ತಲೆಕೆಳಗಾಗಿ ಹಿಡಿದು ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ. ಗಾಜನ್ನು ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಆಮೇಲೂ ಸದ್ದಿದ್ದರೆ ಸರ್ವಿಸ್‌ಗೆ ಕೊಡಿ, ಮನೆಯಲ್ಲಿ ಬಿಚ್ಚಬೇಡಿ.